ಮೊದಲು ಇಂಜಿನ್ ಮುಟ್ಟಿ ನೋಡಿ

ಹೋದ ಸಲ ಸೆಮ್ ರಜೆಗೆ ಬೇತಮಂಗಲಕ್ಕೆ ಹೋಗಿದ್ದಾಗ ನಮ್ಮ ಚಿಕ್ಕಪ್ಪ ಕರೆದ್ರು. "ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡಕ್ಕೆ ಹೋಗ್ತಾ ಇದ್ದೀನಿ, ನೀನೂ ಬಾರೋ. ಮೆಕ್ಯಾನಿಕಲ್ ಓದ್ತಾ ಇದ್ದೀಯಲ್ಲ."

ಹೋದೆ. ಟ್ರ್ಯಾಕ್ಟರ್ ಹೊಸ ಪೇಂಟಲ್ಲಿ ಹೊಳೀತಿತ್ತು. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯ್ತು. ನಾನು ದೊಡ್ಡ ಮನುಷ್ಯನ ಥರ ಒಂದು ರೌಂಡ್ ಹಾಕಿ, ಟೈರ್ ಒದ್ದು, "ಚೆನ್ನಾಗಿದೆ ಚಿಕ್ಕಪ್ಪ" ಅಂದೆ. ನಾಲ್ಕೇ ತಿಂಗಳಿಗೆ ಇಂಜಿನ್ ಬೋರ್‌ಗೆ ಬಂತು. ಟೊಮೇಟೊ ನಾಟಿಗೆ ಹೊಲ ಉಳಬೇಕಾದ ಟೈಮಲ್ಲಿ ಟ್ರ್ಯಾಕ್ಟರ್ ಶೆಡ್ಡಲ್ಲಿ ನಿಂತಿತ್ತು, ಚಿಕ್ಕಪ್ಪ ಮತ್ತೆ ಸಾಲ ಮಾಡಿದ್ರು. ಇವತ್ತಿನವರೆಗೂ ನನಗೆ ಒಂದು ಮಾತೂ ಅಂದಿಲ್ಲ. ಅದೇ ಜಾಸ್ತಿ ಚುಚ್ಚುತ್ತೆ.

ಇಂಜಿನ್ ಬಿಚ್ಚಿದ ಮೇಸ್ತ್ರಿ ನನಗೆ ಒಂದೇ ಪ್ರಶ್ನೆ ಕೇಳಿದ್ರು: "ನೀವು ನೋಡಕ್ಕೆ ಹೋದಾಗ ಇಂಜಿನ್ ಬಿಸಿ ಇತ್ತಾ, ತಣ್ಣಗಿತ್ತಾ?" ನಾನು ಮುಟ್ಟೇ ಇರಲಿಲ್ಲ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನ ಒತ್ತಿದಾಗ ಬರೋ ಬಿಸಿಗೇ ಡೀಸೆಲ್ ಹತ್ತಿಕೊಳ್ಳುತ್ತೆ ಅಂತ ಎಕ್ಸಾಮಲ್ಲಿ ಬರೆದು ಮಾರ್ಕ್ಸ್ ತಗೊಂಡವನು ನಾನು. ರಿಂಗ್, ಲೈನರ್ ಸವೆದಿದ್ರೆ ಆ ಒತ್ತಡ ಸೋರುತ್ತೆ. ತಣ್ಣಗಿರುವಾಗ ಸ್ಟಾರ್ಟ್ ಆಗಕ್ಕೆ ಒದ್ದಾಡುತ್ತೆ. ನಾವು ಹೋಗೋ ಮುಂಚೆಯೇ ಅರ್ಧ ಗಂಟೆ ಓಡಿಸಿಟ್ಟಿದ್ರೆ ಆ ಕಾಯಿಲೆ ಮುಚ್ಚಿಹೋಗುತ್ತೆ. ಸೂತ್ರ ಗೊತ್ತಿತ್ತು, ಕೈ ಇಡೋದು ಗೊತ್ತಿರಲಿಲ್ಲ.

ಊರಲ್ಲಿ ಎಲ್ಲರೂ ಹೇಳೋದು ಒಂದೇ, "ಸೆಕೆಂಡ್ ಹ್ಯಾಂಡ್ ಅಂದ್ರೆ ಅದೃಷ್ಟ ಕಣಪ್ಪ." ನಾನು ಇದನ್ನ ಒಪ್ಪಲ್ಲ. ಮುಕ್ಕಾಲು ಪಾಲು ವಿಷಯ ಎರಡು ಗಂಟೆಯಲ್ಲಿ ಕಣ್ಣಿಗೇ ಕಾಣುತ್ತೆ. ಸ್ಟಾರ್ಟ್ ಮಾಡೋ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಟೀ ಥರ ಇದ್ರೆ ನೀರು ಸೇರಿದೆ. ಇಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬರ್ತಾನೇ ಇದ್ರೆ ಆಯಿಲ್ ಸುಡ್ತಿದೆ. ಬ್ರೀದರ್ ಪೈಪಿಂದ ಬುಸುಬುಸು ಹೊಗೆ ಬಂದ್ರೆ ರಿಂಗ್ ಮೇಲೆ ಅನುಮಾನ ಪಡಿ. ಲಿಫ್ಟಿಗೆ ರೊಟವೇಟರ್ ಕಟ್ಟಿ ಎತ್ತಿ, ಇಂಜಿನ್ ಆಫ್ ಮಾಡಿ, ದೂರ ನಿಂತು ನೋಡಿ. ಬೇಗ ಇಳಿದುಬಿಟ್ರೆ ಹೈಡ್ರಾಲಿಕ್ ಸೋರ್ತಿದೆ. ಖಾಲಿ ರಸ್ತೆಯಲ್ಲಿ ಓಡಿಸಿದ್ರೆ ಸಾಲದು, ಹೊಲಕ್ಕಿಳಿಸಿ ಉಳಿಸಿ ನೋಡಿ. ಅವರ್ ಮೀಟರ್ ಒಂದನ್ನೇ ನಂಬಬೇಡಿ. ಮೀಟರ್ ಬದಲಾಯಿಸಬಹುದು, ಆದ್ರೆ ಸವೆದ ಪೆಡಲ್ ಸುಳ್ಳು ಹೇಳಲ್ಲ.

ಪೇಪರೂ ಅಷ್ಟೇ ಮುಖ್ಯ. ನಮ್ಮದು ಗಡಿ ಸೀಮೆ. ಆಂಧ್ರ, ತಮಿಳುನಾಡು ಎರಡೂ ಹತ್ತಿರ, ಗಾಡಿಗಳು ಆ ಕಡೆಯಿಂದಲೂ ಬರ್ತವೆ. ಆರ್‌ಸಿಯಲ್ಲಿರೋ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿ ಮೇಲಿನದಕ್ಕೆ ಹೊಂದಬೇಕು. ಬೇರೆ ರಾಜ್ಯದ ಗಾಡಿಯಾದ್ರೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ ಬೇಕು. ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಇನ್ನೂ ಇದ್ರೆ, ಸಾಲ ತೀರಿದೆ ಅನ್ನೋ ಫಾರಂ 35 ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡಬೇಡಿ.

"ಮೆಕ್ಯಾನಿಕ್ ಕರ್ಕೊಂಡು ಹೋದ್ರೆ ಸಾಕಲ್ವಾ?" ಅಂತ ಕೇಳಬಹುದು. ಸಾಕು, ಆದ್ರೆ ಅವರು ಮಾರೋರು ಕರೆಸಿದವರಾಗಿರಬಾರದು. ವ್ಯಾಪಾರ ಕುದುರಿದ್ರೆ ಮಾತ್ರ ಕಮಿಷನ್ ಅಂತ ಇದ್ದವರು "ಬೇಡ" ಅಂತ ಯಾಕೆ ಹೇಳ್ತಾರೆ? ತಗೊಂಡ್ರೂ ಬಿಟ್ರೂ ಅವರ ಕೂಲಿ ಕೊಡ್ತೀವಿ ಅಂತ ಮೊದಲೇ ಮಾತಾಡಬೇಕು. ಲಕ್ಷಗಟ್ಟಲೆ ಕೊಡೋವಾಗ ಸಾವಿರ ರೂಪಾಯಿ ಕೂಲಿಗೆ ಯೋಚನೆ ಮಾಡ್ತೀವಿ, ಅದೇ ನಮ್ಮ ತಪ್ಪು.

ಇನ್ನೊಂದು ತಪ್ಪು ದಾಕ್ಷಿಣ್ಯ. ದಲ್ಲಾಳಿ ಪರಿಚಯದವರು, ಕಾಫಿ ಕುಡಿಸಿದ್ದಾರೆ, ಈಗ ಬಾನೆಟ್ ಎತ್ತಿ ಅಂದ್ರೆ ಏನಂದ್ಕೊಳ್ತಾರೋ ಅಂತ ಸುಮ್ಮನಾಗ್ತೀವಿ. ಚಿಕ್ಕಪ್ಪನೂ ಹಾಗೇ ಸುಮ್ಮನಿದ್ರು. ನಾನಂತೂ ಗೊತ್ತಿಲ್ಲ ಅಂತ ಹೇಳಕ್ಕೆ ನಾಚಿಕೆ ಪಟ್ಟು ಗೊತ್ತಿರೋ ಥರ ನಿಂತೆ.

ನಮ್ಮೂರ ಪಕ್ಕದ ಕೆಜಿಎಫ್‌ನಲ್ಲೇ ಬೆಮೆಲ್ ಬುಲ್ಡೋಜರ್ ಮಾಡುತ್ತೆ. ಅಂಥ ಸೀಮೆಯಿಂದ ಬಂದ ನನಗೆ ಒಂದು ಟ್ರ್ಯಾಕ್ಟರ್ ನೋಡಕ್ಕೆ ಬರಲಿಲ್ಲ. ಈ ಕಾಲೇಜಲ್ಲಿ ರೈತರ ಮನೆಯ ಮಕ್ಕಳು ಎಷ್ಟು ಜನ ಇದ್ದೀವಿ! ವರ್ಷಕ್ಕೆ ಒಂದು ದಿನ ಒಬ್ಬ ಟ್ರ್ಯಾಕ್ಟರ್ ಮೇಸ್ತ್ರಿಯನ್ನ ವರ್ಕ್‌ಶಾಪಿಗೆ ಕರೆಸಿ, ಗೌರವಧನ ಕೊಟ್ಟು, ಹಳೇ ಇಂಜಿನ್ ಮುಂದೆ ನಿಂತು ಕಲಿಯೋಣ. ಟೆಕ್ ಫೆಸ್ಟಲ್ಲಿ ರೋಬೋ ರೇಸ್ ಇರಲಿ, ಅದರ ಪಕ್ಕ ಇದಕ್ಕೂ ಒಂದು ಜಾಗ ಇರಲಿ.

ಮನೆಯವರು ನಮ್ಮನ್ನ "ಇಂಜಿನಿಯರ್" ಅಂತ ನಂಬಿ ಕರ್ಕೊಂಡು ಹೋಗ್ತಾರೆ. ಗೊತ್ತಿದ್ರೆ ಮುಟ್ಟಿ ನೋಡಿ ಹೇಳಿ. ಗೊತ್ತಿಲ್ಲದಿದ್ರೆ "ನಂಗೊತ್ತಿಲ್ಲ, ಮೇಸ್ತ್ರಿನ ಕರೆಸೋಣ" ಅನ್ನಿ. ಆವತ್ತು ನಾನು ಇಷ್ಟು ಹೇಳಿದ್ರೂ ಸಾಕಾಗಿತ್ತು.