ಕಾಡಿನ ನಾಡಿ ಹಿಡಿಯುವವರು ಯಾರು?

ಮಂಗಳೂರಿನ ನಲ್ಲಿಗಳಿಗೆ ನೀರು ಬರುವುದು ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ. ತುಂಬೆಗೆ ಬರುವುದು ನೇತ್ರಾವತಿಯಿಂದ. 2016ರಲ್ಲಿ ಮತ್ತು 2019ರಲ್ಲಿ ಬೇಸಗೆಯ ಬಿಸಿಲು ಏರಿ, ನಗರದಲ್ಲಿ ನೀರನ್ನು ಸರದಿಯ ಮೇಲೆ ಬಿಡಬೇಕಾಗಿ ಬಂದಾಗ ಎಲ್ಲರ ಕಣ್ಣೂ ತುಂಬೆಯ ನೀರಿನ ಮಟ್ಟದ ಮೇಲೆ ನೆಟ್ಟಿತ್ತು. ಇವತ್ತು ಎಷ್ಟು ಇಳಿಯಿತು, ಇನ್ನೆಷ್ಟು ದಿನಕ್ಕೆ ಸಾಕು ಎಂಬ ಲೆಕ್ಕ ಮನೆಮನೆಯ ಮಾತಾಗಿತ್ತು. ಆದರೆ ನೇತ್ರಾವತಿ ಹುಟ್ಟಿ ಬರುವ ಕುದುರೆಮುಖದ ಕಾಡು ಹೇಗಿದೆ ಎಂದು ವಿಚಾರಿಸಿದವರು ಎಷ್ಟು ಮಂದಿ? ಮಡಕೆಯಲ್ಲಿ ನೀರಿಲ್ಲವೆಂದು ಮಡಕೆಯನ್ನೇ ದಿಟ್ಟಿಸುತ್ತ ಕುಳಿತರೆ ಬಾವಿ ತುಂಬುವುದಿಲ್ಲ.

ಕಾಡು ಹೇಗಿದೆ ಎಂದರೆ ‘ಹಸಿರಾಗಿದೆ’ ಎನ್ನುವುದು ಸುಲಭದ ಉತ್ತರ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಎಲ್ಲವೂ ಹಸಿರೇ. ಆಕಾಶದಿಂದ ನೋಡುವ ಉಪಗ್ರಹಕ್ಕೂ ಅಷ್ಟೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ದೇಶದ ಅರಣ್ಯ ವರದಿ ಹೊರತರುತ್ತಿದೆ. ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ ಜಾಗದಲ್ಲಿ ಶೇಕಡಾ 10ರಷ್ಟಾದರೂ ಮರಗಳ ನೆತ್ತಿ ಹರಡಿಕೊಂಡಿದ್ದರೆ ಅದು ಆ ಲೆಕ್ಕದಲ್ಲಿ ಅರಣ್ಯ ಹೊದಿಕೆ. ಜಾಗ ಯಾರದು, ಮರ ಯಾವುದು ಎಂದು ಅಲ್ಲಿ ಕೇಳುವುದಿಲ್ಲ. ಹಾಗಾಗಿ ದಕ್ಷಿಣ ಕನ್ನಡದ ರಬ್ಬರ್ ತೋಟವೂ ಅಡಿಕೆ ತೋಟವೂ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಜೊತೆಗೆ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಒಂದು ಕಡೆ ಹಳೆಯ ಕಾಡು ಹೋಗಿ ಇನ್ನೊಂದು ಕಡೆ ರಬ್ಬರ್ ಬಂದರೆ ಲೆಕ್ಕದ ಪುಸ್ತಕದಲ್ಲಿ ನಷ್ಟವೇ ಕಾಣಿಸದು!

ಕುದುರೆಮುಖದಲ್ಲಂತೂ ಹಸಿರಿನ ಮೋಸ ಇನ್ನೊಂದು ಬಗೆಯದು. ಅಲ್ಲಿನ ಗುಡ್ಡಗಳ ನೆತ್ತಿಯ ಮೇಲೆ ಇರುವುದು ಹುಲ್ಲು. ಕಣಿವೆಯ ಮಡಿಲಿನಲ್ಲಿ ಮಾತ್ರ ಶೋಲಾ ಕಾಡು. ಹುಲ್ಲು ಅಲ್ಲಿ ಬೋಳು ಜಾಗವಲ್ಲ, ಕಾಡಿನ ಜೊತೆಗಾರ. ಇದನ್ನು ತಿಳಿಯದೆ ಹುಲ್ಲುಗಾವಲಿನಲ್ಲಿ ಅಕೇಶಿಯಾದಂಥ ಪರದೇಶದ ಗಿಡ ನೆಟ್ಟು ‘ಅರಣ್ಯೀಕರಣ’ ಎಂದು ಬೆನ್ನು ತಟ್ಟಿಕೊಂಡ ಕಾಲವೂ ಇತ್ತು.

ಹಾಗಾದರೆ ಕಾಡಿನ ಆರೋಗ್ಯ ಅಳೆಯುವುದು ಹೇಗೆ? ವೈದ್ಯರು ರೋಗಿಯನ್ನು ನೋಡುವ ಹಾಗೆಯೇ: ಹತ್ತಿರ ಹೋಗಿ, ಮುಟ್ಟಿ, ಮತ್ತೆ ಮತ್ತೆ. ಕಾಡಿನಲ್ಲಿ ಒಂದು ತುಂಡು ಜಾಗವನ್ನು ಗುರುತಿಸಿ, ಅಲ್ಲಿನ ಪ್ರತಿ ಮರಕ್ಕೂ ಸಂಖ್ಯೆಯ ಬಿಲ್ಲೆ ಹೊಡೆದು, ಎದೆಯ ಎತ್ತರದಲ್ಲಿ ಸುತ್ತಳತೆ ಬರೆದಿಡುತ್ತಾರೆ. ಕೆಲವು ವರ್ಷಗಳ ಬಳಿಕ ಅದೇ ಮರಗಳನ್ನು ಹುಡುಕಿಕೊಂಡು ಹೋಗಿ ಮತ್ತೆ ಅಳೆಯುತ್ತಾರೆ. ಯಾವುದು ಬೆಳೆಯಿತು, ಯಾವುದು ಸತ್ತಿತು, ಹೊಸ ಸಸಿ ಎಷ್ಟು ಎದ್ದವು? ಪನಾಮಾ ದೇಶದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರ ದಶಕದ ಆರಂಭದಿಂದ 50 ಹೆಕ್ಟೇರಿನಲ್ಲಿ ಈ ಕೆಲಸ ನಡೆದಿದೆ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಅಷ್ಟೇ ದೊಡ್ಡ ಜಾಗದಲ್ಲಿ ಸುಮಾರು 25 ಸಾವಿರ ಗಿಡಮರಗಳ ಲೆಕ್ಕ ಹಿಡಿದರು. ಆನೆಗಳಿಗೆ ಪ್ರಿಯವಾದ ಬೆಂಡೆ ಮರ ವರ್ಷದಿಂದ ವರ್ಷಕ್ಕೆ ಕುಸಿದದ್ದು, ಕಾಡ್ಗಿಚ್ಚಿಗೆ ಎಳೆ ಗಿಡಗಳು ಬಲಿಯಾದದ್ದು ಗೊತ್ತಾದುದು ಹೀಗೆ. ರಸ್ತೆಯಲ್ಲಿ ಹೋಗುವವರಿಗೆ ಆ ಕಾಡು ಆಗಲೂ ಹಸಿರಾಗಿಯೇ ಕಂಡಿತ್ತು.

ಮಂಗಳೂರಿಗೆ ಇನ್ನೂ ಹತ್ತಿರದಲ್ಲಿ, ಕೊಡಗಿನ ಘಟ್ಟದ ಇಳಿಜಾರಿನ ಉಪ್ಪಂಗಳದಲ್ಲಿ, ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು 1990ರಿಂದ ನಿತ್ಯಹರಿದ್ವರ್ಣ ಕಾಡಿನ ಮರಗಳನ್ನು ಅಳೆಯುತ್ತ ಬಂದರು. ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ನಳಿಗೆ ಎಂದುಕೊಂಡವರಿಗೆ ಇದು ಸಪ್ಪೆ ಎನಿಸಬಹುದು. ಜಿಗಣೆ ಕಚ್ಚಿಸಿಕೊಂಡು, ಟೇಪು ಹಿಡಿದು, ಒಂದೇ ಮರವನ್ನು ಇಪ್ಪತ್ತು ವರ್ಷ ಸುತ್ತುವ ಕೆಲಸ ಇದು.

ಮರದಂತೆ ತೊರೆಯೂ ಕಾಡಿನ ಕಥೆ ಹೇಳುತ್ತದೆ. 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಘಟ್ಟದ ಮೇಲಿನ ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿತ್ತು. ಗಣಿಯಿಂದ ಭದ್ರಾ ನದಿಗೆ ಹೂಳು ಬೀಳುತ್ತಿದೆ ಎಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು ವಾದಿಸುತ್ತಿದ್ದರು. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಮಳೆಗಾಲದಲ್ಲಿ ನದಿಯ ನೀರನ್ನು ಮತ್ತೆ ಮತ್ತೆ ಹಿಡಿದು ಅಳೆದಾಗ, ಜಲಾನಯನದ ತೀರ ಸಣ್ಣ ಪಾಲಾಗಿದ್ದ ಗಣಿಯಿಂದಲೇ ಹೂಳಿನ ದೊಡ್ಡ ಪಾಲು ಬರುತ್ತಿದೆ ಎಂದು ತಿಳಿಯಿತು. ನಾಗರಹೊಳೆಯ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಗಣಿ ನಿಂತೊಡನೆ ಕಾಡು ಗುಣವಾಯಿತೆ? ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ಗುಡ್ಡೆಯಾಗಿ ಕುಳಿತಿದೆ. ಅಗೆದ ಗುಡ್ಡದಲ್ಲಿ ಹುಲ್ಲು ಮರಳುತ್ತಿದೆಯೋ ಕಳೆ ಬರುತ್ತಿದೆಯೋ, ತೊರೆಯ ಮೀನು, ಕಪ್ಪೆಗಳು ಹೇಗಿವೆಯೋ, ಇದನ್ನೆಲ್ಲ ವರ್ಷವರ್ಷ ಬರೆದಿಡದೆ ಹೇಳಲಾಗದು. ಹುಲಿಗೆ ಈ ಅದೃಷ್ಟವಿದೆ: 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದಾದ್ಯಂತ ಅದರ ಎಣಿಕೆ ನಡೆಯುತ್ತದೆ, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುತ್ತದೆ. ಸಿಂಗಳೀಕಕ್ಕೆ ಆ ಭಾಗ್ಯವಿಲ್ಲ. ಅದಕ್ಕೆ ವರ್ಷವಿಡೀ ಒಂದಲ್ಲ ಒಂದು ಹಣ್ಣು ಬೇಕು. ಮರದಿಂದ ಮರಕ್ಕೆ ದಾಟಲು ಕಡಿಯದ ಕೊಂಬೆಗಳ ಹಾದಿ ಬೇಕು. ಅದು ಇದೆ ಎಂದರೆ ಕಾಡು ಬಹುಮಟ್ಟಿಗೆ ಇದೆ ಎಂದು ಅರ್ಥ.

ಇಂಥ ಲೆಕ್ಕ ಹಿಡಿಯಲು ಬೇಕಾದ್ದು ಯಂತ್ರಕ್ಕಿಂತ ಹೆಚ್ಚಾಗಿ ಕಣ್ಣು ಮತ್ತು ತಾಳ್ಮೆ. ಕುದುರೆಮುಖದ ಮಲೆಕುಡಿಯರಿಗೆ ಯಾವ ಮರ ಎಂದು ಹೂ ಬಿಡುತ್ತದೆ, ಯಾವ ತೊರೆ ಯಾವ ತಿಂಗಳಲ್ಲಿ ಬತ್ತುತ್ತದೆ ಎಂಬುದು ತಲೆಮಾರುಗಳಿಂದ ಗೊತ್ತು. ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಅವರನ್ನು ಹೊರಗೆ ಕಳಿಸುವ ಮಾತು ಬಂದಾಗೆಲ್ಲ ಪರಿಹಾರದ ಮೊತ್ತದ ಚರ್ಚೆಯಾಗುತ್ತದೆ. ಅವರೊಂದಿಗೆ ಹೊರಟುಹೋಗುವ ಈ ತಿಳಿವಳಿಕೆಗೆ ಬೆಲೆ ಕಟ್ಟುವವರಿಲ್ಲ. ಅವರನ್ನೇ ಸಂಬಳ ಕೊಟ್ಟು ಕಾಡಿನ ದಾಖಲೆಗಾರರನ್ನಾಗಿ ಮಾಡಿದರೆ ಇಲಾಖೆಗೂ ಲಾಭ, ಕಾಡಿಗೂ ಲಾಭ.

ನಗರದವರೂ ಕೈಕಟ್ಟಿ ಕೂರಬೇಕಾಗಿಲ್ಲ. ಮಂಗಳೂರಿನ ಹೊರವಲಯದ ಪಿಲಿಕುಳದಲ್ಲಿ ಘಟ್ಟದ ಮರಗಳನ್ನು ಒಂದೆಡೆ ಬೆಳೆಸಿದ್ದಾರೆ. ಮಕ್ಕಳನ್ನು ಹುಲಿ, ಹಾವು ತೋರಿಸಲು ಅಲ್ಲಿಗೆ ಕರೆದೊಯ್ಯುವ ಶಾಲೆಗಳು ಒಂದೊಂದು ತರಗತಿಗೆ ಒಂದೊಂದು ಮರ ಹಂಚಿ, ಚಿಗುರು, ಹೂ, ಕಾಯಿಯ ದಿನಗಳನ್ನು ಬರೆಸಬಹುದು. ಕೇರಳದ ಶಾಲೆಗಳಲ್ಲಿ ‘ಸೀಸನ್‌ವಾಚ್’ ಎಂಬ ಹೆಸರಿನಲ್ಲಿ ಮಕ್ಕಳು ಈ ಕೆಲಸ ಮಾಡಿ ತೋರಿಸಿದ್ದಾರೆ. ಬಿಸುವಿನ ಹೊತ್ತಿಗೆ ಅರಳಬೇಕಾದ ಕಕ್ಕೆ ಯಾವ ವರ್ಷ ಎಷ್ಟು ದಿನ ಮೊದಲೇ ಅರಳಿತು ಎಂದು ಹತ್ತು ವರ್ಷದ ನೋಟುಬುಕ್ಕು ಹೇಳಬಲ್ಲದು. ತುಂಬೆಯ ಮಟ್ಟ ಇಳಿದ ಮೇಲೆ ಎಚ್ಚರಾಗುವುದಕ್ಕಿಂತ ಅದು ಮೇಲು.