ಭಾಷ್ಯವನ್ನು ಕನ್ನಡಿಗರ ಕೈಗಿತ್ತ ಕಾರ್ಯಾಲಯ

ಧಾರ್ಮಿಕ ಪ್ರಕಾಶನ ಎಂದೊಡನೆ ಎಲ್ಲರೂ ಹೆಸರಿಸುವುದು 1923ರಲ್ಲಿ ಶುರುವಾದ ಗೋರಖಪುರದ ಗೀತಾ ಪ್ರೆಸ್ಸನ್ನು. ಅದಕ್ಕೂ ಮೂರು ವರ್ಷ ಮೊದಲೇ, 1920ರಲ್ಲಿ, ಬೆಂಗಳೂರಿನಲ್ಲಿ ವೈ. ಸುಬ್ಬರಾಯರೆಂಬ ಶಾಲಾ ಮೇಷ್ಟರು ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದ್ದರು. ಗೋರಖಪುರಕ್ಕೆ ಮಾರವಾಡಿ ವರ್ತಕರ ಬೆಂಬಲವಿತ್ತು. ಈ ಮೇಷ್ಟರಿಗಿದ್ದ ದೊಡ್ಡ ಬಂಡವಾಳ ಸಂಸ್ಕೃತದ ಓದು ಮತ್ತು ಬಿಡದ ಹಟ.

1937ರಲ್ಲಿ ಕಾರ್ಯಾಲಯ ಹೇಮಾವತಿ ದಂಡೆಯ ಹೊಳೆನರಸೀಪುರಕ್ಕೆ ಬಂತು. 1948ರಲ್ಲಿ ಸುಬ್ಬರಾಯರು ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. 1975ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಸೇರಿ ಸುಮಾರು 200 ಕೃತಿಗಳು ಅವರವು. ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳಿಗೆ ಶಂಕರಾಚಾರ್ಯರು ಬರೆದ ಭಾಷ್ಯಗಳು ಕನ್ನಡಕ್ಕೆ ಬಂದದ್ದರಲ್ಲಿ ಈ ಒಬ್ಬ ಮನುಷ್ಯನ ದುಡಿಮೆಯ ಪಾಲು ಬಹಳ ದೊಡ್ಡದು.

ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಕಾರ್ಯಾಲಯದ ಗೀತಾಭಾಷ್ಯ ಬಿಚ್ಚಿಕೊಂಡು ಕೂರುತ್ತಿದ್ದರು. ಕನ್ನಡ ಲಿಪಿಯಲ್ಲೇ ಸಂಸ್ಕೃತ ಮೂಲ, ಅದಕ್ಕೆ ಅನುವಾದ, ಜೊತೆಗೆ ಟಿಪ್ಪಣಿ. ಊರಿಗೆ ಪ್ರವಚನಕ್ಕೆ ಬಂದ ಶಾಸ್ತ್ರಿಗಳೊಬ್ಬರನ್ನು ಒಮ್ಮೆ ಅವರು ಕೇಳಿದರು: “ಇರೋದು ಒಂದೇ ಅಂದಮೇಲೆ ಅವಿದ್ಯೆ ಅನ್ನೋದು ಯಾರಿಗೆ, ಸ್ವಾಮಿ?” ಹದಿಮೂರನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರೇ ಎತ್ತುವ ಪ್ರಶ್ನೆ ಇದು. ಮನೆಗೆ ಬಂದು ಶಾಸ್ತ್ರಿಗಳ ಉತ್ತರವನ್ನು ಪುಸ್ತಕದ ಜೊತೆ ಹೋಲಿಸಿ ನೋಡಿದರು. ಯಾವ ಸಂಸ್ಕೃತ ಪಾಠಶಾಲೆಯೂ ಒಳಗೆ ಬಿಟ್ಟುಕೊಳ್ಳದಿದ್ದ ಹೆಂಗಸಿಗೆ ಆ ಧೈರ್ಯ ಕೊಟ್ಟದ್ದು ಅಚ್ಚಾದ ಕನ್ನಡ.

ಮೂಲವನ್ನು ನೇರವಾಗಿ ಓದು, ಆಮೇಲೆ ಮಾತಾಡು ಎಂಬುದು ಸುಬ್ಬರಾಯರು ಮೊದಲು ತಮಗೇ ಹಾಕಿಕೊಂಡ ನಿಯಮ. 1929ರಲ್ಲಿ ಅವರು ಸಂಸ್ಕೃತದಲ್ಲಿ ‘ಮೂಲಾವಿದ್ಯಾನಿರಾಸ’ ಪ್ರಕಟಿಸಿದರು. ಜಗತ್ತಿಗೆಲ್ಲ ಬೇರಿನಂತಿರುವ ‘ಮೂಲಾವಿದ್ಯೆ’ ಎಂಬ ವಸ್ತುವೊಂದಿದೆ ಎಂಬ ವಾದ ನಂತರದ ವ್ಯಾಖ್ಯಾನಕಾರರದು. ಶಂಕರರ ಪ್ರಕಾರ ಅವಿದ್ಯೆಯೆಂದರೆ ಒಂದನ್ನು ಇನ್ನೊಂದೆಂದು ತಿಳಿಯುವ ಅಧ್ಯಾಸ, ಅಷ್ಟೆ ಎಂದು ಅವರು ಭಾಷ್ಯದ ಮಾತುಗಳಿಂದಲೇ ಸಾಧಿಸಹೊರಟರು. ಶತಮಾನಗಳ ವ್ಯಾಖ್ಯಾನ ಪರಂಪರೆಯ ಎದುರು ನಿಂತ ಮಾತದು. ಪಂಡಿತರು ಬಲವಾಗಿ ಖಂಡಿಸಿದರು, ಇವರು ಮಣಿಯಲಿಲ್ಲ. ಅವರ ವಾದವನ್ನು ಒಪ್ಪದವರೂ ಇಂದಿಗೂ ಅದಕ್ಕೆ ಉತ್ತರ ಹೇಳಿಯೇ ಮುಂದೆ ಹೋಗಬೇಕಾಗಿದೆ.

ಇಂಥ ಪುಸ್ತಕಗಳು ಯಾರಿಗೆ ಬೇಕು, ಮಠದವರಿಗಲ್ಲವೇ ಎಂದು ಕೇಳುವವರಿದ್ದಾರೆ. ಎಲ್ಲರಿಗೂ ಬೇಕು ಎನ್ನುತ್ತೇನೆ, ಶಂಕರರನ್ನು ಒಪ್ಪದವರಿಗಂತೂ ಇನ್ನಷ್ಟು ಬೇಕು. ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಅಪಶೂದ್ರಾಧಿಕರಣವಿದೆ. ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲ ಎಂದು ಅಲ್ಲಿ ಭಾಷ್ಯ ಹೇಳುತ್ತದೆ. ನನ್ನ ಮಟ್ಟಿಗೆ ಅದು ಒಪ್ಪತಕ್ಕ ಮಾತಲ್ಲ, ಎಂದೂ ಒಪ್ಪಿದ್ದಿಲ್ಲ. ಆದರೆ ಭಾಷ್ಯ ಕನ್ನಡದಲ್ಲಿ ಅಚ್ಚಾದ ದಿನವೇ ಆ ನಿಷೇಧವೂ ಎಲ್ಲ ಜಾತಿಯ ಓದುಗರ ಕಣ್ಣೆದುರು ಬಂತು. ಯಾರು ಓದಬಾರದೆಂದು ಅಲ್ಲಿ ಬರೆದಿತ್ತೋ ಅವರೇ ಅದನ್ನು ಕೊಂಡು ಓದಿ, ಪ್ರಶ್ನಿಸಬಹುದಾಯಿತು. ಬಿಡಿಮಾತು ಕೇಳಿ ತಲೆದೂಗುವ ಭಕ್ತಿಗೂ, ಬಿಡಿಮಾತು ಕೇಳಿ ಬೈಯುವ ಸಿಟ್ಟಿಗೂ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಈ ಕೆಲಸ ಇಲ್ಲಿಗೇ ನಿಲ್ಲಬಾರದು. ಹಳೆಯ ಅನುವಾದದ ಕನ್ನಡ ಸಂಸ್ಕೃತದ ಭಾರದಿಂದ ಕೂಡಿದ್ದು. ನನ್ನ ಕಡೆಯ ವರ್ಷಗಳ ವಿದ್ಯಾರ್ಥಿಗಳಿಗೆ ಒಂದು ಪುಟ ಓದಿ ಹೇಳಿದರೆ ಪ್ರಶ್ನೆ ಅರ್ಥವಾಗುತ್ತಿತ್ತು, ವಾಕ್ಯ ಆಗುತ್ತಿರಲಿಲ್ಲ. ಮೂಲವನ್ನು ಹಾಗೆಯೇ ಇಟ್ಟು, ಇಂದಿನ ಕನ್ನಡದಲ್ಲಿ ಅನುವಾದವನ್ನೂ ಪಾರಿಭಾಷಿಕ ಪದಗಳ ಕೋಶವನ್ನೂ ಸಿದ್ಧಪಡಿಸಲು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ, ಸಂಸ್ಕೃತ ವಿಭಾಗಗಳು ಕಾರ್ಯಾಲಯದೊಂದಿಗೆ ಕೈಜೋಡಿಸಲಿ. ತಾಲ್ಲೂಕು ಗ್ರಂಥಾಲಯಗಳಲ್ಲಿ ಈ ಭಾಷ್ಯಗಳು ಅಂಬೇಡ್ಕರ್ ಬರಹಗಳ ಪಕ್ಕದಲ್ಲೇ ಇರಲಿ. ಎರಡನ್ನೂ ಓದಿದ ಹುಡುಗ ಹುಡುಗಿಯರು ಎದುರುಬದುರು ಕೂತು ವಾದಿಸಲಿ. ಒಬ್ಬ ಮೇಷ್ಟರು ತಮ್ಮ ಆಯಸ್ಸಿನುದ್ದಕ್ಕೂ ಮಾಡಿದ ಕೆಲಸವನ್ನು ಮುಂದುವರಿಸುವುದು ಇಷ್ಟೊಂದು ವಿಶ್ವವಿದ್ಯಾಲಯಗಳಿರುವ ನಾಡಿಗೆ ಆಗದ ಮಾತಲ್ಲ.