'ವಿದ್ಯಾರ್ಥಿ'ಯಲ್ಲಿ ಎಷ್ಟು ಅಕ್ಷರ?

ಮೂರು. ವಿ, ದ್ಯಾ, ರ್ಥಿ. ಕಾಗುಣಿತ ಕಲಿತ ಯಾವ ಮಗುವೂ ಹೇಳುತ್ತೆ. ಫೋನ್ ಮಾತ್ರ ಹತ್ತು ಅಂತ ಎಣಿಸುತ್ತೆ! ಯೂನಿಕೋಡ್‌ನಲ್ಲಿ ವ ಒಂದು, ಅದರ ಗುಡಿಸು ಇನ್ನೊಂದು, ಒತ್ತಕ್ಷರ ಕೂಡಿಸುವ ಹಲಂತಕ್ಕೂ ಬೇರೆ ಸಂಕೇತ. ಇಂಗ್ಲಿಷಿನ 'ಸ್ಟೂಡೆಂಟ್' ಏಳರಲ್ಲೇ ಮುಗಿಯುತ್ತೆ.

ಹೋದ ಸೆಮಿಸ್ಟರ್ ತನಕ ನಮಗೂ ಇದು ಬರೀ ತಮಾಷೆಯಾಗಿತ್ತು. ನಾವು ಕ್ಲಾಸಿಗೆ ಹೋಗದಿದ್ದರೆ ಮನೆಗೆ ಎಸ್ಸೆಮ್ಮೆಸ್ ಹೋಗುತ್ತಲ್ಲ, ಅದು ಇಂಗ್ಲಿಷಿನಲ್ಲಿ ಮಾತ್ರ. ನಮ್ಮಲ್ಲಿ ಎಷ್ಟೋ ಜನರ ಅಪ್ಪ-ಅಮ್ಮ ಅದರಲ್ಲಿ ಏನಿದೆ ಅಂತ ನಮ್ಮನ್ನೇ ಕೇಳ್ತಾರೆ. (ಚಕ್ಕರ್ ಹೊಡೆದವರಿಗೆ ಇದಕ್ಕಿಂತ ಅನುಕೂಲ ಬೇಕಾ?) ಕನ್ನಡದಲ್ಲೂ ಕಳಿಸಿ ಅಂತ ಸಂಘದಿಂದ ಕೇಳಿದ್ವಿ. "ಕನ್ನಡಕ್ಕೆ ದುಡ್ಡು ಜಾಸ್ತಿ ಆಗುತ್ತಪ್ಪಾ" ಅಂದರು.

ಲೆಕ್ಕ ಸುಳ್ಳಲ್ಲ. ಒಂದು ಎಸ್ಸೆಮ್ಮೆಸ್ ಅಂದರೆ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಯುತ್ತೆ. ಕನ್ನಡದ ಪ್ರತಿ ಸಂಕೇತಕ್ಕೂ 16 ಬಿಟ್, 70ಕ್ಕೇ ಜಾಗ ಖಾಲಿ. ದಾಟಿದರೆ ಎರಡನೇ ಮೆಸೇಜಿನ ದುಡ್ಡು. ಇಂಗ್ಲಿಷ್ ಮೆಸೇಜಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿಸಿ ನೋಡಿ, ಇಡೀ ಮೆಸೇಜೇ 70ರ ಲೆಕ್ಕಕ್ಕೆ ಇಳಿಯುತ್ತೆ. ರೂಪಾಯಿ ಚಿಹ್ನೆ ಹಾಕಿದರೂ ಅದೇ ಕಥೆ. ನಮಗೆ ಸಿಟ್ಟು ಬಂದಿದ್ದು ಮುಂದಿನ ವಿಷಯಕ್ಕೆ: ಎಸ್ಸೆಮ್ಮೆಸ್‌ನ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಕನ್ನಡಕ್ಕೂ 7 ಬಿಟ್‌ನ ಪಟ್ಟಿ ಇದೆ, ಅದನ್ನು ಬಳಸಿದರೆ ಸುಮಾರು 155 ಹಿಡಿಯುತ್ತೆ. ನಮ್ಮ ಕೈಲಿರೋ ಫೋನುಗಳು ಮಾತ್ರ ಇವತ್ತಿಗೂ 70 ಅಂತಲೇ ತೋರಿಸ್ತಿವೆ.

ಸರಿ, 70ರಲ್ಲೇ ಬರೆಯೋಣ. ನಮಗೆ ತೋರಿಸಿದ ಕನ್ನಡದ ಕರಡು "ಈ ಮೂಲಕ ತಮ್ಮ ಅವಗಾಹನೆಗೆ ತರಲಾಗಿದೆ" ಅಂತ ಮುಗಿಯುತ್ತಿತ್ತು. ಆ ಬಾಲಕ್ಕೇ 30 ಸಂಕೇತ, ಖಾಲಿ ಜಾಗವೂ ಸೇರಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗಂತೂ 'ಅವಗಾಹನೆ' ಏನು ಅಂತ ನಿಘಂಟು ನೋಡಬೇಕಾಯ್ತು. ನಮ್ಮ ಅಮ್ಮಂದಿರಿಗೆ ಇಂಗ್ಲಿಷ್ ಹೋಗಿ ಇದು ಬಂದರೆ ಏನು ಲಾಭ? ಕನ್ನಡ ದುಬಾರಿ ಅನ್ನೋದಕ್ಕೆ ಅರ್ಧ ಕಾರಣ ಬಿಟ್ಟುಗಳಲ್ಲ, ಈ ಕಚೇರಿ ಕನ್ನಡ ಅಂತಲೇ ನಮ್ಮ ಅಭಿಪ್ರಾಯ.

"ನಿಮ್ಮ ಮಗಳು ಇಂದು ತರಗತಿಗೆ ಬಂದಿಲ್ಲ." ಚುಕ್ಕಿ ಬಿಟ್ಟು ಎಣಿಸಿ, 31. ಉಳಿದ 39ರಲ್ಲಿ ಹೆಸರು, ತಾರೀಕು, ಕಾಲೇಜಿನ ಹೆಸರಿನ ಮೊದಲಕ್ಷರಗಳು ಆರಾಮಾಗಿ ಕೂರುತ್ತವೆ. ಒಂದೇ ಮೆಸೇಜು, ಒಂದೇ ಮೆಸೇಜಿನ ದುಡ್ಡು.

ಇದನ್ನೇ ಹಾಳೆಯಲ್ಲಿ ಬರೆದು ಕಚೇರಿಗೆ ಕೊಟ್ಟಿದ್ದೇವೆ. ಒಪ್ಪಿದರೆ ಮೊದಲು ಸಿಕ್ಕಿಬೀಳೋದು ನಾವೇ, ಗೊತ್ತಿದೆ.